ಊರು ಎಂಬ ಕಾಲಂ

ವಾರ್ನಾಂಬೂಲಿನಿಂದ ಅರ್ಧ ಗಂಟೆಯ ದಾರಿ.
ನೋರಾ ಕ್ವಿನ್ಲನ್‌ಗೆ ಎಂಬತ್ತೊಂಬತ್ತು; ಸೀಟಿನ ಬೆಲ್ಟು
ಎದೆಯ ಮೇಲೆ ನಿಲ್ಲದೆ ಕುತ್ತಿಗೆಗೆ ಏರುತ್ತದೆ.
ನಾನು ಅವಳ ಶುಕ್ರವಾರದ ನರ್ಸು:
ಮಾತ್ರೆ, ಸ್ನಾನ, ಉಗುರು, ಮತ್ತೆ ಈ ಸಲ
ಮೂರು ಅರ್ಜಿ ಬರೆದು ಪಡೆದ ಒಂದು ತಿರುಗಾಟ.

ಆಲೂಗಡ್ಡೆ ಹೊಲದ ಅಂಚಿಗೆ ಹಲಗೆ: ಕಿಲಾರ್ನಿ.
"ಬಂತು ನೋಡು ಐರ್ಲೆಂಡು," ಅಂದಳು.
ಐರ್ಲೆಂಡನ್ನು ಅವಳು ಕಂಡವಳಲ್ಲ.
ಅಜ್ಜಿಯ ಅಜ್ಜಿ ಕಂಡದ್ದೇ ಕೊನೆ,
ಅದೂ ಹಡಗಿನ ಹಿಂಬದಿಯಿಂದ,
ಆಲೂಗಡ್ಡೆ ಮಣ್ಣಲ್ಲೇ ಕೊಳೆತ ವರ್ಷ.
ಇಲ್ಲಿಗೆ ಬಂದು ಅವರು ನೆಟ್ಟದ್ದೂ ಅದನ್ನೇ!
ಕೈಕೊಟ್ಟವನನ್ನೇ ಹುಡುಕಿ ಮತ್ತೆ ಮದುವೆಯಾದಂತೆ.
ನನಗೆ ನಗು ಬಂತು. ಅವಳಿಗೆ ನನಗಿಂತ ಹೆಚ್ಚು.

ಪೋರ್ಟ್ ಫೇರಿ ಅಂದರೆ ನಾಲ್ಕಾರು ಬೀದಿ, ಒಂದು ಹೊಳೆ,
ಸಾಲಾಗಿ ನಾರ್ಫೋಕ್ ಪೈನ್ ಮರ,
ಮಾಂಸ ಬಿಡಿಸಿಟ್ಟ ಮೀನಿನ ಮುಳ್ಳಿನ ಹಾಗೆ ಕೊಂಬೆ.
ನೀಲಿಗಲ್ಲಿನ ಮನೆಗಳಂತೆ. ನೀಲಿ ಎಲ್ಲಿ?
ಆಗಷ್ಟೇ ಕೆರೆಯಿಂದೆದ್ದ ಎಮ್ಮೆಯ ಬೆನ್ನು.
ಬಾಗಿಲು ಗಿಡ್ಡ. ಒಳಹೋಗುವವರು
ತಲೆ ತಗ್ಗಿಸಲೇಬೇಕು, ಒಳಗೆ ದೇವರಿರಲಿ ಇಲ್ಲದಿರಲಿ.

ಗೋಡೆಗಳ ಮೇಲೆ ಹಿತ್ತಾಳೆಯ ತಗಡು:
ತಿಮಿಂಗಿಲ ಹಿಡಿದವರು, ಅಂಗಡಿ ಇಟ್ಟವರು, ಪಾದ್ರಿಗಳು.
ಅವರೆಲ್ಲರಿಗೂ ಮೊದಲು ಇದೇ ಹೊಳೆಯಲ್ಲಿ
ಮೀನು ಹಿಡಿದವರ ಹೆಸರು ಹುಡುಕಿದೆ.
ಕಾಣಲಿಲ್ಲ. ನನ್ನ ಕಣ್ಣೇ ಮಂದವಿರಬಹುದು.

ನೋರಾಳ ಮುತ್ತಜ್ಜ ಕಟ್ಟಿದ ಮನೆ ಈಗ
ವಾರಾಂತ್ಯದ ಬಾಡಿಗೆಗೆ. ಚಿಲಕದ ಪಕ್ಕ
ನಾಲ್ಕಂಕಿಯ ಬೀಗದ ಡಬ್ಬಿ.
ತಾನು ಹುಟ್ಟಿದ ವರ್ಷ ಒತ್ತಿದಳು. ಇಲ್ಲ.
ಅಪ್ಪನದು ಒತ್ತಿದಳು. ಇಲ್ಲ.
ಸದ್ದಿಗೆ ಒಳಗಿಂದೊಬ್ಬ ಹುಡುಗ, ಒದ್ದೆ ತಲೆ,
ನನ್ನನ್ನೇ ನೋಡಿ ಕೇಳಿದ: "ಟವೆಲ್ ತಂದಿರಾ?"
ನೋರಾ ಅಂದಳು: "ಅವಳು ತಂದದ್ದು ನನ್ನನ್ನು."
ಒಳಗೆ ಹೋಗಲಿಲ್ಲ. ಗೋಡೆಯ ಕಲ್ಲಿಗೆ
ಅಂಗೈ ಇಟ್ಟಳು, ಮಗುವಿನ ಜ್ವರ ನೋಡುವವಳ ಹಾಗೆ,
ತೆಗೆದಳು. ಏನೂ ಹೇಳಲಿಲ್ಲ.

ಧಕ್ಕೆಯಲ್ಲಿ ಒಬ್ಬ ದೋಣಿ ತೊಳೆಯುತ್ತಿದ್ದ.
ಡೀಸೆಲ್ಲು, ಉಪ್ಪು, ಹಳೆಯ ಹಗ್ಗ:
ಗಂಗೊಳ್ಳಿಯ ವಾಸನೆಗೆ ಇಲ್ಲೂ ಪಾಸ್‌ಪೋರ್ಟ್ ಬೇಕಿಲ್ಲ.
ಅಬ್ಬಿ ಬುಟ್ಟಿಯೆದುರು ಕುಕ್ಕರುಗಾಲಲ್ಲಿ ಕೂತು
ಬೂತಾಯಿ ಎಣಿಸುತ್ತಿದ್ದಳು. ಒಂದಕ್ಕೆ ಒಂದು ಅನ್ನಳು,
ಲಾಭ ಅನ್ನುವಳು. ಲಾಭ, ಎರಡು, ಮೂರು...
ಕೆಲವು ದಿನ ಲಾಭಕ್ಕೇ ಬುಟ್ಟಿ ಮುಗಿಯುತ್ತಿತ್ತು.
ಬಾಯಿತಪ್ಪಿ ದೋಣಿಗಳನ್ನು ಹಾಗೇ ಎಣಿಸಿದೆ.
"ಏನದು ಮಂತ್ರ?" ಎಂದಳು ನೋರಾ. ಹೇಳಿಕೊಟ್ಟೆ.
"ಲಾಬಾ," ಅಂದಳು, ಚಿಪ್ಸಿನ ಎಣ್ಣೆ ತುಟಿಯಲ್ಲಿ.

ವಸ್ತುಸಂಗ್ರಹಾಲಯದ ಬಾಗಿಲಲ್ಲಿ ದಪ್ಪ ಪುಸ್ತಕ.
ಹೆಸರು, ಊರು, ಅನಿಸಿಕೆ.
ಊರು ಎಂಬಲ್ಲಿ ನೋರಾ ಬರೆದಳು: ಬೆಲ್‌ಫಾಸ್ಟ್.
"ಅಷ್ಟು ದೂರದಿಂದ ಬಂದಿರಾ!" ಎಂದ ಕಾವಲಿನವ.
"ಇಲ್ಲಪ್ಪ, ಇದೇ ಊರು. ಇದರ ಹಿಂದಿನ ಹೆಸರು.
ನಾನು ಹುಟ್ಟುವ ಮೊದಲೇ ಬದಲಾಯಿಸಿಬಿಟ್ಟರು,
ನನ್ನನ್ನು ಯಾರೂ ಕೇಳಲಿಲ್ಲ."
ಪೆನ್ನು ನನ್ನ ಕೈಗೆ ಬಂತು.
ದಾರ ಕಟ್ಟಿದ ಪೆನ್ನು, ಹೆಚ್ಚು ದೂರ ಹೋಗದು.
ಹಿಂದೆ ಯಾರೋ ಕೆಮ್ಮಿದರು.
ಊರನ್ನು ಖಾಲಿ ಬಿಟ್ಟು
ಅನಿಸಿಕೆಯಲ್ಲಿ ಬರೆದೆ: ಬಾಗಿಲು ಗಿಡ್ಡ.

ಮರಳುವಾಗ ಗದ್ದೆಗಳ ಮೇಲೆ ಮಂಜು,
ಕಿಲಾರ್ನಿ ಬಂದಾಗ ಅವಳಿಗೆ ನಿದ್ದೆ.
ರಾತ್ರಿ ಎಂಟಕ್ಕೆ ಅಂಗೈಯಲ್ಲಿ ಮಾತ್ರೆ ಇಟ್ಟೆ.
ಮೊದಲನೆಯದಕ್ಕೆ ತಾನೇ ಅಂದಳು: ಲಾಬಾ.
ಎರಡನೆಯದನ್ನು
ಬೇಡ ಎಂದು ತಳ್ಳಿದಳು.